ರಾತ್ರಿ ಶಿಫ್ಟಿಗೆ ಯಾರು ಬರ್ತೀರಿ? ಟೆಕ್ಸಾಸ್‌ನ ಜಾಗ ಸಿಗದ ಮಕ್ಕಳು

ಟೆಕ್ಸಾಸ್‌ನಲ್ಲಿ ಮಕ್ಕಳ ರಕ್ಷಣಾ ವಿಭಾಗದ ಕೇಸ್‌ವರ್ಕರ್ ಅಂದರೆ ಏನು ಕೆಲಸ? ದೂರು ಬಂದ ಮನೆಗೆ ಹೋಗಿ ಮಗು ಹೇಗಿದೆ ಅಂತ ನೋಡಬೇಕು. ಅಪಾಯ ಇದ್ದರೆ ಕೋರ್ಟಿಗೆ ಹೇಳಿ ಮಗುವನ್ನು ಬೇರೆ ಕಡೆ ಇಡಿಸಬೇಕು. ಅಪ್ಪ ಅಮ್ಮನಿಗೆ ಕೌನ್ಸೆಲಿಂಗ್, ಚಿಕಿತ್ಸೆ ಕೊಡಿಸಬೇಕು, ಮಗುವನ್ನು ಆಗಾಗ ಕಂಡು ಮಾತಾಡಿಸಬೇಕು, ಇದೆಲ್ಲದಕ್ಕೂ ಕಾಗದಪತ್ರ ಬರೆಯಬೇಕು. ಒಬ್ಬರ ಕೈಯಲ್ಲಿ ಮುಗಿಯದಷ್ಟು ಕೆಲಸ ಇದೇ ಇದೆ. 2021ರಲ್ಲಿ ಇದರ ಮೇಲೆ ಇನ್ನೊಂದು ಬಿತ್ತು. ಹಗಲಿನ ಕೆಲಸ ಮುಗಿಸಿ ಯಾವುದೋ ಹೋಟೆಲ್ ರೂಮಿಗೋ ಬಾಡಿಗೆ ಮನೆಗೋ ಹೋಗಿ, ಅಲ್ಲಿರುವ ಹದಿಹರೆಯದ ಮಕ್ಕಳನ್ನು ಪಾಳಿಯ ಮೇಲೆ ಕಾಯುವುದು. ಸ್ವಂತ ಇಷ್ಟದಿಂದ ಹೆಸರು ಕೊಡುವವರು ಸಾಕಾಗಲಿಲ್ಲ, ಹಾಗಾಗಿ ಶಿಫ್ಟ್ ಕಡ್ಡಾಯವಾಯಿತು.

ಯಾಕೆ ಕಾಯಬೇಕು ಅಂದರೆ, ಆ ಮಕ್ಕಳಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಕೋರ್ಟು ಅವರನ್ನು ಸರ್ಕಾರದ ವಶಕ್ಕೆ ಕೊಟ್ಟಿದೆ. ಕಾನೂನಿನ ಪ್ರಕಾರ ಸರ್ಕಾರವೇ ಅವರ ಅಪ್ಪ ಅಮ್ಮ. ಆದರೆ ಅವರನ್ನು ಇಟ್ಟುಕೊಳ್ಳಲು ಯಾವ ಸಾಕು ಕುಟುಂಬವೂ ಒಪ್ಪಿಲ್ಲ, ಹಲವು ಮಕ್ಕಳನ್ನು ಸಿಬ್ಬಂದಿ ಇಟ್ಟು ನೋಡಿಕೊಳ್ಳುವ ಯಾವ ಗ್ರೂಪ್ ಹೋಮೂ ಒಪ್ಪಿಲ್ಲ. ಇಂಥವರನ್ನು ಇಲಾಖೆ ‘ಚಿಲ್ಡ್ರನ್ ವಿತೌಟ್ ಪ್ಲೇಸ್‌ಮೆಂಟ್’, ಅಂದರೆ ಜಾಗ ಸಿಗದ ಮಕ್ಕಳು, ಅನ್ನುವ ಪಟ್ಟಿಗೆ ಹಾಕುತ್ತದೆ. 2021ರ ಜುಲೈನಲ್ಲಿ ಈ ಪಟ್ಟಿ ತುತ್ತತುದಿಗೆ ಹೋಯಿತು. ಒಂದೇ ತಿಂಗಳಲ್ಲಿ 400ಕ್ಕೂ ಜಾಸ್ತಿ ಮಕ್ಕಳು ಹೀಗೆ ಒಂದಾದರೂ ರಾತ್ರಿ ಕಳೆದರು. ಕೆಲವರದು ಒಂದೆರಡು ರಾತ್ರಿ, ಕೆಲವರದು ವಾರಗಟ್ಟಲೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಇರುವ ಕನ್ನಡಿಗರು ಈ ಸುದ್ದಿಯನ್ನು ಲೋಕಲ್ ಟಿವಿಯಲ್ಲಿ ನೋಡಿರುತ್ತಾರೆ. ಸಾಮಾನ್ಯವಾಗಿ ಸುದ್ದಿ ಎರಡು ಸಾಲಿನಲ್ಲಿ ಮುಗಿಯುತ್ತದೆ: ಹಾಸಿಗೆ ಕಮ್ಮಿ ಇದೆ, ಸಿಬ್ಬಂದಿ ಕಮ್ಮಿ ಇದ್ದಾರೆ, ಸರ್ಕಾರ ತುರ್ತಾಗಿ ಜನರನ್ನು ಹಾಕುತ್ತಿದೆ. ನನಗೆ ಈ ವಿವರಣೆ ಸಾಲದು ಅನ್ನಿಸುತ್ತದೆ. ಇದು ಬರೀ ಜನಬಲದ ಲೆಕ್ಕ ಆಗಿದ್ದರೆ ದುಡ್ಡು ಸುರಿದಾಗಲೇ ಮುಗಿಯಬೇಕಿತ್ತು. ನಿಜವಾದ ಪ್ರಶ್ನೆ ಬೇರೆ ಇದೆ: ಈ ವ್ಯವಸ್ಥೆಯಲ್ಲಿ ‘ಈ ಮಗು ನಮಗೆ ಬೇಡ’ ಅನ್ನುವ ಹಕ್ಕು ಯಾರ್‍ಯಾರಿಗೆ ಇದೆ, ಯಾರಿಗೆ ಇಲ್ಲ?

ನೋಡಿ. ಸಾಕು ಕುಟುಂಬ ‘ಬೇಡ’ ಅನ್ನಬಹುದು, ಅದು ಅವರ ಮನೆ. ಖಾಸಗಿ ಗ್ರೂಪ್ ಹೋಮ್ ಮಗುವಿನ ಫೈಲ್ ಓದಿ ‘ಬೇಡ’ ಅನ್ನಬಹುದು, ಅಥವಾ ಇಟ್ಟುಕೊಂಡು ಗಲಾಟೆಯಾದ ಮೇಲೆ ‘ಬಂದು ಕರೆದುಕೊಂಡು ಹೋಗಿ’ ಅಂತ ನೋಟಿಸ್ ಕೊಡಬಹುದು. ಮಾನಸಿಕ ಆಸ್ಪತ್ರೆ ‘ನಮ್ಮ ಚಿಕಿತ್ಸೆ ಮುಗಿಯಿತು’ ಅಂತ ಡಿಸ್ಚಾರ್ಜ್ ಮಾಡಬಹುದು. ಬಾಲಾಪರಾಧಿಗಳ ಕೇಂದ್ರ ಅವಧಿ ಮುಗಿದ ದಿನ ಹೊರಗೆ ಬಿಡುತ್ತದೆ. ಹೆತ್ತವರೂ ‘ಇನ್ನು ನಮ್ಮ ಕೈಲಾಗಲ್ಲ, ವಾಪಸ್ ಕರೆದುಕೊಂಡು ಹೋಗಲ್ಲ’ ಅಂದುಬಿಡಬಹುದು. ಟೆಕ್ಸಾಸ್ ಕಾನೂನಿನಲ್ಲಿ ಹೀಗೆ ಹೊಣೆ ಬಿಡುವುದನ್ನು ಗುರುತಿಸುವ ಒಂದು ಪ್ರತ್ಯೇಕ ವರ್ಗವೇ ಇದೆ, ಜಾಗ ಸಿಗದ ಮಕ್ಕಳಲ್ಲಿ ಬಹಳ ಜನ ಬರುವುದು ಆ ಬಾಗಿಲಿನಿಂದಲೇ. ಕೊನೆಗೆ ‘ಬೇಡ’ ಅನ್ನುವ ಹಕ್ಕೇ ಇಲ್ಲದೆ ಉಳಿಯುವುದು ಕೇಸ್‌ವರ್ಕರ್ ಒಬ್ಬರೇ. ಉಳಿದವರೆಲ್ಲ ‘ಬೇಡ’ ಅಂದಿದ್ದೆಲ್ಲ ಒಟ್ಟಾಗಿ ರಾತ್ರಿ ಎಂಟು ಗಂಟೆಗೆ ಇವರ ಶಿಫ್ಟ್ ಪಟ್ಟಿಯಾಗಿ ಬರುತ್ತದೆ.

ಇನ್ನು, 2021ರಲ್ಲೇ ಯಾಕೆ ಈ ಪರಿ ಏರಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2011ರಲ್ಲಿ ಟೆಕ್ಸಾಸ್ ಸರ್ಕಾರದ ವಶದಲ್ಲಿದ್ದ ಮಕ್ಕಳ ಪರವಾಗಿ ಕಾರ್ಪಸ್ ಕ್ರಿಸ್ಟಿಯ ಫೆಡರಲ್ ಕೋರ್ಟಿನಲ್ಲಿ ಒಂದು ಕೇಸು ದಾಖಲಾಯಿತು. ನ್ಯಾಯಾಧೀಶೆ ಜಾನಿಸ್ ಗ್ರಹಾಂ ಜ್ಯಾಕ್. 2015ರ ಡಿಸೆಂಬರಿನಲ್ಲಿ ಅವರು ತೀರ್ಪು ಕೊಟ್ಟರು. ಸರ್ಕಾರದ ವಶಕ್ಕೆ ಬಂದ ಮಕ್ಕಳು ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಹಾಳಾಗಿ ಹೊರಗೆ ಹೋಗುತ್ತಿದ್ದಾರೆ ಅಂತ ನೇರವಾಗಿ ಬರೆದರು. ಸರ್ಕಾರ ಅಪೀಲು ಹೋಯಿತು, ಐದನೇ ಸರ್ಕಿಟ್ ಮೇಲ್ಮನವಿ ಕೋರ್ಟು ಕೆಲವು ಆದೇಶಗಳನ್ನು ತೆಗೆದುಹಾಕಿ ಕೆಲವನ್ನು ಉಳಿಸಿತು. ಉಳಿದವುಗಳಲ್ಲಿ ಒಂದು ಮುಖ್ಯವಾದದ್ದು: ಪದೇ ಪದೇ ನಿಯಮ ಮುರಿದ ದಾಖಲೆ ಇರುವ ಹೋಮ್‌ಗಳ ಮೇಲೆ ಬಿಗಿ ನಿಗಾ. 2020ರಿಂದ ಇದು ಜಾರಿಗೆ ಬಂತು. ಅದೇ ಹೊತ್ತಿಗೆ ಕೋವಿಡ್. ಹೋಮ್‌ಗಳಲ್ಲಿ ಕಡಿಮೆ ಸಂಬಳಕ್ಕೆ ರಾತ್ರಿ ಪಾಳಿ ಮಾಡುತ್ತಿದ್ದವರು ಬಿಟ್ಟು ಹೋದರು, ಬೇರೆಯವರು ಸಿಗಲಿಲ್ಲ. ಕೆಲವು ಹೋಮ್‌ಗಳನ್ನು ಸರ್ಕಾರ ಮುಚ್ಚಿಸಿತು, ಕೆಲವು ‘ಈ ನಿಗಾ ನಮಗೆ ಆಗಲ್ಲ’ ಅಂತ ತಾವೇ ಬಾಗಿಲು ಹಾಕಿಕೊಂಡವು. ನೂರಾರು ಹಾಸಿಗೆಗಳು ಹೋದವು.

ಇಲ್ಲಿ ಒಂದು ವಾದ ಬಹಳ ಸಲ ಕೇಳಿ ಬರುತ್ತದೆ. ಕೋರ್ಟು ಅತಿಯಾಗಿ ಬಿಗಿ ಮಾಡಿದ್ದಕ್ಕೇ ಹೀಗಾಯಿತು, ಸುಮ್ನೆ ಬಿಟ್ಟಿದ್ದರೆ ಮಕ್ಕಳಿಗೆ ಹಾಸಿಗೆಯಾದರೂ ಇರುತ್ತಿತ್ತು ಅನ್ನುವುದು. ನಾನು ಇದನ್ನು ಒಪ್ಪುವುದಿಲ್ಲ. ಮುಚ್ಚಿದ ಜಾಗಗಳಲ್ಲಿ ಎಂಥವು ಇದ್ದವು ಅನ್ನುವುದನ್ನು ಮರೆತು ಈ ಮಾತಾಡಬಾರದು. ಟೆಕ್ಸಾಸ್ ಅಷ್ಟೇ ಅಲ್ಲ, ಇಡೀ ದೇಶದಲ್ಲಿ ಇಂಥ ದೊಡ್ಡ ಖಾಸಗಿ ಹೋಮ್‌ಗಳ ಮೇಲೆ ಗಂಭೀರ ಆರೋಪಗಳಿದ್ದವು. 2020ರಲ್ಲಿ ಮಿಶಿಗನ್‌ನ ಕ್ಯಾಲಮಝೂವಿನಲ್ಲಿ 16 ವರ್ಷದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಸ್ಯಾಂಡ್‌ವಿಚ್ ಎಸೆದ ಅಂತ ಸಿಬ್ಬಂದಿ ಅವನನ್ನು ನೆಲಕ್ಕೆ ಅದುಮಿ ಹಿಡಿದರು, ಅವನು ಸತ್ತ. 2024ರ ಜೂನ್‌ನಲ್ಲಿ ಅಮೆರಿಕ ಸೆನೆಟ್‌ನ ಹಣಕಾಸು ಸಮಿತಿ ಹೊರತಂದ ತನಿಖಾ ವರದಿ ಈ ಉದ್ಯಮದ ಬಗ್ಗೆ ಪುಟಗಟ್ಟಲೆ ಹೇಳುತ್ತದೆ. ಮಕ್ಕಳ ತಲೆ ಲೆಕ್ಕದಲ್ಲಿ ದುಡ್ಡು ಬರುತ್ತದೆ, ದೊಡ್ಡ ಖರ್ಚು ಸಿಬ್ಬಂದಿಯದ್ದು, ಅಲ್ಲಿ ಕಡಿತ ಮಾಡಿದಷ್ಟೂ ಲಾಭ. ಹಾಗಾಗಿ ಮುಚ್ಚಿದ್ದು ಸರಿ. ಮುಚ್ಚಿದ ಮೇಲೆ ಆ ಮಕ್ಕಳು ಎಲ್ಲಿ ಮಲಗುತ್ತಾರೆ ಅನ್ನುವುದಕ್ಕೆ ಸರ್ಕಾರದ ಹತ್ತಿರ ಉತ್ತರ ಇಲ್ಲದ್ದು ತಪ್ಪು.

ಉತ್ತರ ಇಲ್ಲದಾಗ ಸರ್ಕಾರಗಳು ಏನು ಮಾಡುತ್ತವೋ ಟೆಕ್ಸಾಸ್ ಅದನ್ನೇ ಮಾಡಿತು, ಒಂದು ಕಾನೂನು ತಂದಿತು. ಮೊದಲು ಮಕ್ಕಳು ಮಲಗುತ್ತಿದ್ದದ್ದು ಇಲಾಖೆಯ ಆಫೀಸುಗಳಲ್ಲಿ, ಗಾಳಿ ತುಂಬಿದ ಹಾಸಿಗೆ ಹಾಸಿಕೊಂಡು, ಕಂಪ್ಯೂಟರ್ ಟೇಬಲ್ ಪಕ್ಕ. ಫೋಟೋಗಳು ಹೊರಗೆ ಬಂದವು, ಜನ ಛೀ ಅಂದರು. 2021ರಲ್ಲಿ ಟೆಕ್ಸಾಸ್ ರಾಜ್ಯದ ಸೆನೆಟರ್ ಲೋಯಿಸ್ ಕೋಲ್‌ಖೋರ್ಸ್ಟ್ ಮಂಡಿಸಿದ ಮಸೂದೆ ಪಾಸಾಗಿ, ಇಲಾಖೆಯ ಆಫೀಸಿನಲ್ಲಿ ಮಗು ರಾತ್ರಿ ಉಳಿಯುವ ಹಾಗಿಲ್ಲ ಅಂತ ಆಯಿತು. ಉದ್ದೇಶ ಒಳ್ಳೆಯದೇ. ಆದರೆ ಆ ನಿಷೇಧದಿಂದ ಒಂದು ಹಾಸಿಗೆಯೂ ಹುಟ್ಟಲಿಲ್ಲ. ಮಕ್ಕಳು ಆಫೀಸಿನಿಂದ ಹೋಟೆಲಿಗೆ, ಬಾಡಿಗೆ ಮನೆಗೆ, ಚರ್ಚ್‌ನವರು ಕೊಟ್ಟ ಕಟ್ಟಡಕ್ಕೆ ಹೋದರು, ಅಷ್ಟೇ. ಆಫೀಸಿನಲ್ಲಿ ಹತ್ತಾರು ಜನರ ಕಣ್ಣಾದರೂ ಇರುತ್ತಿತ್ತು. ಹೋಟೆಲಿನಲ್ಲಿ ಎರಡು ರೂಮು, ನಾಲ್ಕು ಮಕ್ಕಳು, ಇಬ್ಬರು ಸುಸ್ತಾದ ಕೇಸ್‌ವರ್ಕರ್‌ಗಳು. ಅದೇ ವರ್ಷ ಶಾಸನಸಭೆ ಹೆಚ್ಚಿನ ಹಾಸಿಗೆಗಳಿಗೆ ಅಂತ 9 ಕೋಟಿ ಡಾಲರ್‌ನಷ್ಟು ದುಡ್ಡನ್ನೂ ಕೊಟ್ಟಿತು. ಪಟ್ಟಿ ಇಳಿಯಿತು, ಆದರೆ ಸೊನ್ನೆಗೆ ಬರಲಿಲ್ಲ.

ಈ ಶಿಫ್ಟ್ ಒಳಗಿನಿಂದ ಹೇಗಿರುತ್ತದೆ ಅನ್ನುವುದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ‘ಮಕ್ಕಳನ್ನು ನೋಡಿಕೊಳ್ಳುವುದು’ ಅಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಇವರು ಪುಟ್ಟ ಮಕ್ಕಳಲ್ಲ. ಹೆಚ್ಚಿನವರು 13ರಿಂದ 17ರ ವಯಸ್ಸಿನವರು. ಹಲವು ಮನೆ, ಹಲವು ಹೋಮ್ ದಾಟಿ ಬಂದವರು. ಕೆಲವರು ನಿನ್ನೆಯಷ್ಟೇ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರು. ಒಬ್ಬೊಬ್ಬರಿಗೆ ಎರಡು ಮೂರು ಬಗೆಯ ಮಾತ್ರೆ, ಹೊತ್ತು ಹೊತ್ತಿಗೆ ಕೊಡಬೇಕು, ಕೊಟ್ಟಿದ್ದನ್ನು ಬರೆದಿಡಬೇಕು. ಕೊಡುವವರು ನರ್ಸ್ ಅಲ್ಲ. ಮಧ್ಯಾಹ್ನದ ಪಾಳಿಯವರು ಕೊಟ್ಟರೋ ಇಲ್ಲವೋ ಅನ್ನುವುದು ರಾತ್ರಿಯವರಿಗೆ ಗೊತ್ತಾಗುವುದು ಒಂದು ಪುಸ್ತಕ ನೋಡಿ, ಅದನ್ನು ಯಾರೂ ತುಂಬದಿದ್ದರೆ ಊಹೆಯೇ ಗತಿ. ಮಗು ಬಾಗಿಲು ತೆಗೆದು ಹೊರಟರೆ ತಡೆದು ಹಿಡಿಯುವ ತರಬೇತಿ ಇವರಿಗಿಲ್ಲ. ಬಾಗಿಲಿಗೆ ಬೀಗ ಹಾಕುವ ಹಾಗಿಲ್ಲ. ಹಿಂದೆ ಹಿಂದೆ ನಡೆದು, ಬಾಯಿಮಾತಲ್ಲಿ ಒಲಿಸಿ, ಆಗದಿದ್ದರೆ ಪೊಲೀಸರಿಗೆ ಫೋನ್ ಮಾಡಬೇಕು. ಹೋಟೆಲಿನ ಪಾರ್ಕಿಂಗ್‌ನಲ್ಲಿ ಯಾರು ಕಾಯುತ್ತಿರುತ್ತಾರೆ ಅಂತ ಹೇಳಬೇಕಾಗಿಲ್ಲ. ಓಡಿಹೋಗುವ ಹುಡುಗಿಯರನ್ನು ಬಲೆಗೆ ಹಾಕಿಕೊಳ್ಳುವವರಿಗೆ ಇಂಥ ಜಾಗಗಳು ಬೇಗ ಗೊತ್ತಾಗುತ್ತವೆ.

ಕೋರ್ಟು ನೇಮಿಸಿದ ಮೇಲ್ವಿಚಾರಕರು ಬರೆದ ವರದಿಗಳಲ್ಲಿ ಇದೆಲ್ಲ ದಾಖಲಾಗಿದೆ: ಔಷಧಿ ತಪ್ಪಿದ್ದು, ಹೊಡೆದಾಟ, ಲೈಂಗಿಕ ದೌರ್ಜನ್ಯ, ಓಡಿಹೋಗಿದ್ದು, ಪದೇ ಪದೇ ಪೊಲೀಸ್ ಬಂದದ್ದು. 2022ರಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹೋಟೆಲಿನಲ್ಲಿದ್ದ 14 ವರ್ಷದ ಹುಡುಗಿಯೊಬ್ಬಳು ತನ್ನನ್ನು ಕಾಯಲು ಬಂದ ಇಲಾಖೆಯ ನೌಕರಳೇ ‘ನೀನು ಮೈ ಮಾರುವ ದಂಧೆಗೆ ಇಳಿ’ ಎಂಬ ಅರ್ಥದಲ್ಲಿ ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅದು ಟಿವಿಯಲ್ಲಿ ಬಂತು, ಆ ನೌಕರಳ ಕೆಲಸ ಹೋಯಿತು. ಒಬ್ಬಳನ್ನು ತೆಗೆದುಹಾಕುವುದು ಸುಲಭ. ಆದರೆ ಯಾರು ಸಿಕ್ಕಿದರೂ ಪಾಳಿ ತುಂಬಬೇಕು ಅನ್ನುವ ಒತ್ತಡದಲ್ಲಿ ನಡೆಯುವ ಜಾಗದಲ್ಲಿ ಯಾರು ಹೇಗೆ ಅಂತ ನೋಡುವ ತಾಳ್ಮೆ ಯಾರಿಗಿರುತ್ತದೆ? ಇನ್ನೂ ಒಂದು ವಿಚಿತ್ರ ಇದೆ. ಗ್ರೂಪ್ ಹೋಮ್ ನಡೆಸಲು ಲೈಸೆನ್ಸ್ ಬೇಕು, ತಪಾಸಣೆ ಇರುತ್ತದೆ, ಎಷ್ಟು ಮಕ್ಕಳಿಗೆ ಎಷ್ಟು ಸಿಬ್ಬಂದಿ ಅಂತ ನಿಯಮ ಇರುತ್ತದೆ. ಸರ್ಕಾರವೇ ಹೋಟೆಲ್ ರೂಮಿನಲ್ಲಿ ಮಕ್ಕಳನ್ನು ಇಟ್ಟಾಗ ಆ ರೂಮಿಗೆ ಯಾವ ಲೈಸೆನ್ಸೂ ಇಲ್ಲ. ಕೆಟ್ಟ ಹೋಮ್ ಅಂತ ಮುಚ್ಚಿಸಿದ ಸರ್ಕಾರ ಅದಕ್ಕಿಂತ ಕಡಿಮೆ ನಿಯಮದ ಜಾಗವನ್ನು ತಾನೇ ನಡೆಸಿದ ಹಾಗಾಯಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತುರ್ತು ಶಿಫ್ಟ್ ಅನ್ನುವುದು ಸಮಸ್ಯೆಯನ್ನು ತಾತ್ಕಾಲಿಕವಾಗಿ ತಡೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಸಮಸ್ಯೆಯನ್ನು ಬೆಳೆಸುತ್ತದೆ. ಹೇಗೆ ಅಂದರೆ, ರಾತ್ರಿ ಎರಡು ಗಂಟೆಗೆ ಹೋಟೆಲಿನಲ್ಲಿ ಕೂತಿರುವ ಕೇಸ್‌ವರ್ಕರ್ ಮರುದಿನ ಹತ್ತು ಗಂಟೆಗೆ ಒಬ್ಬ ಅಜ್ಜಿಯ ಮನೆಗೆ ಹೋಗಬೇಕಿತ್ತು. ಆ ಅಜ್ಜಿ ‘ಮೊಮ್ಮಗನನ್ನು ನಾನು ಇಟ್ಟುಕೊಳ್ಳುತ್ತೇನೆ, ಆದರೆ ಒಂದು ಮಂಚ ಬೇಕು, ಶಾಲೆಗೆ ಬಿಡುವವರು ಬೇಕು’ ಅನ್ನುವವಳು. ಆ ಭೇಟಿ ಮುಂದಕ್ಕೆ ಹೋಯಿತು. ಅಜ್ಜಿಯ ಹಿನ್ನೆಲೆ ತಪಾಸಣೆ ತಡವಾಯಿತು. ಮಗು ಇನ್ನೊಂದು ವಾರ ಬೇರೆಯವರ ಮನೆಯಲ್ಲಿ ಉಳಿಯಿತು, ಅಲ್ಲಿ ಜಗಳವಾಯಿತು, ಅವರು ‘ಕರೆದುಕೊಂಡು ಹೋಗಿ’ ಅಂದರು. ಆ ಮಗುವೂ ಈಗ ಹೋಟೆಲಿನ ಪಟ್ಟಿಯಲ್ಲಿ. ಅತ್ತ ಕೇಸ್‌ವರ್ಕರ್ ಆರು ತಿಂಗಳು ಹೀಗೆ ಓಡಾಡಿ ಕೆಲಸ ಬಿಡುತ್ತಾರೆ, ಅವರ ಕೇಸುಗಳು ಪಕ್ಕದವರ ಮೇಜಿಗೆ ಹೋಗುತ್ತವೆ, ಶಿಫ್ಟ್ ಪಟ್ಟಿಯಲ್ಲಿ ಒಂದು ಹೆಸರು ಕಮ್ಮಿಯಾಗುತ್ತದೆ, ಉಳಿದವರಿಗೆ ಪಾಳಿ ಜಾಸ್ತಿಯಾಗುತ್ತದೆ. ಇದು ಊಹೆಯ ಉದಾಹರಣೆ, ಆದರೆ ಕೆಲಸ ನಡೆಯುವ ರೀತಿ ಇದೇ. ಮಗುವಿಗೆ ಜಾಗ ಹುಡುಕಬೇಕಾದವರನ್ನೇ ಜಾಗವಾಗಿ ಬಳಸಿದರೆ ಇನ್ನೇನಾಗುತ್ತದೆ?

ಹಾಗಾದರೆ ಕೇಸ್‌ವರ್ಕರ್ ಬದಲು ಹೊರಗಿನ ಏಜೆನ್ಸಿಯವರನ್ನು ಹಾಕಿದರೆ ಆಯಿತಲ್ಲ? ಹಲವು ರಾಜ್ಯಗಳು ಇದನ್ನು ಮಾಡಿ ನೋಡಿವೆ. ಮೇರಿಲ್ಯಾಂಡ್ ಹೋಟೆಲಿನಲ್ಲಿ ಮಕ್ಕಳನ್ನು ಇಟ್ಟು, ಖಾಸಗಿ ಕಂಪನಿಗಳಿಂದ ಒಬ್ಬೊಬ್ಬರಿಗೆ ಒಬ್ಬ ಕಾವಲಿನವರನ್ನು ತರಿಸಿತು. ಆ ಸಿಬ್ಬಂದಿಯ ಹಿನ್ನೆಲೆಯನ್ನು ಸರಿಯಾಗಿ ಪರಿಶೀಲಿಸಿಲ್ಲ ಅಂತ ರಾಜ್ಯದ ಆಡಿಟ್‌ನವರು 2025ರಲ್ಲಿ ಹೇಳಿದರು. ಅದೇ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಹೋಟೆಲೊಂದರಲ್ಲಿ ಹೀಗೇ ಇರಿಸಿದ್ದ 16 ವರ್ಷದ ಹುಡುಗಿ ತೀರಿಕೊಂಡಳು. ಆಮೇಲೆ ಅಲ್ಲಿನ ಇಲಾಖೆ ಇನ್ನು ಮುಂದೆ ಹೋಟೆಲ್ ಬೇಡ ಅಂತ ಆದೇಶ ಹೊರಡಿಸಿತು. ಜಾರ್ಜಿಯಾದಲ್ಲಿ ಹೋಟೆಲ್ ರೂಮು, ಊಟ, ಕಾವಲು ಎಲ್ಲ ಸೇರಿ ಒಂದು ಮಗುವಿಗೆ ದಿನಕ್ಕೆ ಸರಾಸರಿ 1,500 ಡಾಲರ್‌ ಆಗುತ್ತದೆ ಅಂತ ಅಲ್ಲಿನ ಇಲಾಖೆಯ ಕಮಿಷನರ್ ಕ್ಯಾಂಡಿಸ್ ಬ್ರೋಸ್ ಅವರೇ ಹೇಳಿದ್ದರು. ದುಡ್ಡಿನ ವಿಷಯಕ್ಕೆ ಬಂದರೆ ಟೆಕ್ಸಾಸ್‌ನ ದರವನ್ನು ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯ ಮಗುವನ್ನು ಸಾಕುವ ಕುಟುಂಬಕ್ಕೆ ಬಹಳ ವರ್ಷ ಕೊಡುತ್ತಿದ್ದ ಕನಿಷ್ಠ ಮೊತ್ತ ದಿನಕ್ಕೆ 27 ಡಾಲರ್ ಚಿಲ್ಲರೆ. ಅದೇ ಮಗುವನ್ನು ಲೈಸೆನ್ಸ್ ಇಲ್ಲದ ಅಜ್ಜಿಯೋ ಚಿಕ್ಕಮ್ಮನೋ ಇಟ್ಟುಕೊಂಡರೆ ಅದರ ಅರ್ಧದಷ್ಟು, ಅದೂ ಒಂದು ಅವಧಿಯವರೆಗೆ ಮಾತ್ರ. ಅಂದರೆ ಸಂಬಂಧಿಕರಿಗೆ ಮೂರು ತಿಂಗಳು ಕೊಡಬಹುದಾದ ದುಡ್ಡು ಹೋಟೆಲಿನಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಎರಡೂ ಒಂದೇ ರಾಜ್ಯದ ಲೆಕ್ಕ ಅಲ್ಲ ನಿಜ, ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ ಅಲ್ವಾ?

ಏಜೆನ್ಸಿ ಸಿಬ್ಬಂದಿಯಲ್ಲಿ ಇನ್ನೊಂದು ತೊಂದರೆ ಇದೆ. ದಿನಕ್ಕೆ ಮೂರು ಪಾಳಿ ಅಂದರೆ ವಾರಕ್ಕೆ ಎಷ್ಟು ಹೊಸ ಮುಖಗಳು ಲೆಕ್ಕ ಹಾಕಿ. ಈಗಾಗಲೇ ಹತ್ತು ಜನ ದೊಡ್ಡವರು ಕೈಬಿಟ್ಟ ಮಗುವಿಗೆ ಪ್ರತಿ ಎಂಟು ಗಂಟೆಗೊಬ್ಬ ಅಪರಿಚಿತ. ಯಾರೊಂದಿಗೂ ಮಾತು ಬೆಳೆಯುವುದಿಲ್ಲ. ಜೊತೆಗೆ, ತುರ್ತು ದರದಲ್ಲಿ ಗಂಟೆಗೆ ಇಷ್ಟು ಅಂತ ಏಜೆನ್ಸಿ ಕರೆದರೆ ಅಲ್ಲಿಗೆ ಬರುವವರು ಯಾರು? ಬಹಳ ಸಲ ಪಕ್ಕದ ಗ್ರೂಪ್ ಹೋಮಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದವರೇ. ಆ ಹೋಮಿನಲ್ಲಿ ಆಗ ಸಿಬ್ಬಂದಿ ಕಮ್ಮಿಯಾಗಿ ‘ಹೊಸ ಮಕ್ಕಳು ಬೇಡ’ ಅನ್ನುತ್ತಾರೆ.

ವರ್ಮಾಂಟ್ ಪುಟ್ಟ ರಾಜ್ಯ, ಅಲ್ಲಿನ ಕತೆ ಇನ್ನೂ ಸ್ಪಷ್ಟ. ಹುಡುಗರನ್ನು ಬಂದೋಬಸ್ತಿನಲ್ಲಿ ಇಡಲು ವುಡ್‌ಸೈಡ್ ಅನ್ನುವ ಒಂದೇ ಒಂದು ಕೇಂದ್ರ ಇತ್ತು. ಅಲ್ಲಿ ಮಕ್ಕಳನ್ನು ಕೆಟ್ಟದಾಗಿ ಹಿಡಿದುಕಟ್ಟುತ್ತಿದ್ದರು ಅನ್ನುವ ದೂರು ಕೋರ್ಟಿಗೆ ಹೋಗಿ, 2020ರಲ್ಲಿ ಅದು ಮುಚ್ಚಿತು. ಬದಲಿಗೆ ಏನೂ ತಯಾರಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಸಮಾಜ ಕಾರ್ಯಕರ್ತರೂ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಯ ಡೆಪ್ಯುಟಿಗಳೂ ಹೋಟೆಲ್ ರೂಮು, ಪೊಲೀಸ್ ಠಾಣೆಗಳಲ್ಲಿ ಹುಡುಗರನ್ನು ಕಾಯುತ್ತಾ ಕೂತರು. ಇಲಿನಾಯ್‌ನಲ್ಲಿ ಬೇರೆ ರೂಪ: ಆಸ್ಪತ್ರೆಯವರು ಬಿಡುಗಡೆಗೆ ರೆಡಿ ಅಂದರೂ ಹೋಗಲು ಜಾಗ ಇಲ್ಲದೆ ಮಕ್ಕಳು ವಾರಗಟ್ಟಲೆ ಮಾನಸಿಕ ವಾರ್ಡಿನಲ್ಲೇ ಉಳಿದರು. 2022ರಲ್ಲಿ ಶಿಕಾಗೋದ ಕೋರ್ಟು ಇಲಾಖೆಯ ನಿರ್ದೇಶಕರ ಮೇಲೆ ಹತ್ತಕ್ಕೂ ಹೆಚ್ಚು ಸಲ ನ್ಯಾಯಾಂಗ ನಿಂದನೆ ಆದೇಶ ಹೊರಡಿಸಿತು. ಐರ್ಲೆಂಡ್‌ನಲ್ಲೂ ಇದೇ ಕತೆ, ಅಲ್ಲಿ 2023ರಲ್ಲಿ ಒಬ್ಬ ನ್ಯಾಯಾಧೀಶರು ಮಂತ್ರಿಗಳಿಗೇ ಪತ್ರ ಬರೆದರು.

ನಮ್ಮ ಕಡೆ ಇದು ಯಾಕೆ ಇದೇ ರೂಪದಲ್ಲಿ ಕಾಣುವುದಿಲ್ಲ ಅಂತ ಯೋಚಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ, ಸಮಿತಿ ಆದೇಶ ಮಾಡಿದರೆ ಸರ್ಕಾರಿ ಬಾಲಮಂದಿರ ಸೇರಿಸಿಕೊಳ್ಳಬೇಕು. ಅಂದರೆ ‘ಬೇಡ’ ಅನ್ನಲಾಗದ ಒಂದು ಕಟ್ಟಡವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಬಾಲಮಂದಿರಗಳು ಸ್ವರ್ಗ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ನಮ್ಮಲ್ಲಿ ತಪ್ಪು ಉಲ್ಟಾ ಇದೆ: ಕುಟುಂಬದಲ್ಲಿ ಬೆಳೆಸುವ ವ್ಯವಸ್ಥೆ ಬೇರೂರಿಲ್ಲ, ಕೇಂದ್ರ ಸರ್ಕಾರ 2024ರಲ್ಲಿ ಒಂಟಿಯಾಗಿರುವವರೂ ಸಾಕು ಪೋಷಕರಾಗಬಹುದು ಅಂತ ಮಾರ್ಗಸೂಚಿ ಸಡಿಲಿಸಬೇಕಾಯಿತು. ಟೆಕ್ಸಾಸ್ ಕುಟುಂಬವೇ ಒಳ್ಳೆಯದು ಅಂತ ನಂಬಿ, ಉಳಿದದ್ದನ್ನು ಖಾಸಗಿಯವರಿಗೆ ಬಿಟ್ಟು, ತನ್ನ ಕೈಯಲ್ಲಿ ಕೊನೆಯ ಹಾಸಿಗೆಗಳನ್ನೇ ಇಟ್ಟುಕೊಳ್ಳಲಿಲ್ಲ.

ಟೆಕ್ಸಾಸ್ ಇದಕ್ಕೆ ಒಂದು ಪರಿಹಾರ ಯೋಚಿಸಿತ್ತು ಅನ್ನುವುದನ್ನೂ ಹೇಳಬೇಕು. 2017ರ ಕಾನೂನಿನ ಮೇಲೆ ರಾಜ್ಯವನ್ನು ಪ್ರದೇಶಗಳಾಗಿ ಹಂಚಿ, ಒಂದೊಂದು ಪ್ರದೇಶದ ಮಕ್ಕಳಿಗೆ ಜಾಗ ಹುಡುಕುವ ಹೊಣೆಯನ್ನು ಒಂದೊಂದು ಗುತ್ತಿಗೆ ಸಂಸ್ಥೆಗೆ ಕೊಡುತ್ತಾ ಬಂದರು. ಗುತ್ತಿಗೆಯಲ್ಲಿ ಒಂದು ಷರತ್ತು: ಯಾವ ಮಗುವನ್ನೂ ನಿರಾಕರಿಸುವ ಹಾಗಿಲ್ಲ, ಹೊರಗೆ ಕಳಿಸುವ ಹಾಗಿಲ್ಲ. ಕಾಗದದಲ್ಲಿ ಇದು ಸರಿಯಾದ ಜಾಗಕ್ಕೇ ಕೈ ಹಾಕಿದೆ. ಆದರೆ ಆ ಸಂಸ್ಥೆಯ ಕೆಳಗಿರುವ ಗ್ರೂಪ್ ಹೋಮ್, ಸಾಕು ಕುಟುಂಬ ಈಗಲೂ ‘ಬೇಡ’ ಅನ್ನಬಹುದು. ಹಾಗಾಗಿ ಹೋಟೆಲಿನ ಹೊಣೆ ಸರ್ಕಾರದಿಂದ ಗುತ್ತಿಗೆದಾರರಿಗೆ ದಾಟಿತು, ಅಷ್ಟೇ. ಸ್ಯಾನ್ ಆಂಟೋನಿಯೋ ಪ್ರದೇಶದಲ್ಲಿ ಗುತ್ತಿಗೆ ಹಿಡಿದಿದ್ದ ಸಂಸ್ಥೆ 2021ರಲ್ಲಿ ಕೈ ಎತ್ತಿ ಹೊರಟುಹೋಯಿತು. ಆಗ ಮಕ್ಕಳು ಯಾರ ಹತ್ತಿರ ವಾಪಸ್ ಬಂದರು? ಅದೇ ಇಲಾಖೆ, ಅದೇ ಕೇಸ್‌ವರ್ಕರ್.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. 2021ರಲ್ಲೇ ಟೆಕ್ಸಾಸ್ ಇನ್ನೊಂದು ಕಾನೂನು ತಂದು, ನಿರ್ಲಕ್ಷ್ಯ ಅಂದರೆ ಏನು ಅನ್ನುವ ವ್ಯಾಖ್ಯೆಯನ್ನು ಬಿಗಿ ಮಾಡಿತು. ತಕ್ಷಣದ ಅಪಾಯ ಇಲ್ಲದಿದ್ದರೆ ಮಗುವನ್ನು ಮನೆಯಿಂದ ಎತ್ತುವ ಹಾಗಿಲ್ಲ. ಮನೆಯಿಂದ ತೆಗೆಯುವ ಮಕ್ಕಳ ಸಂಖ್ಯೆ ಆಮೇಲೆ ಬಹಳ ಇಳಿಯಿತು. ದೇಶದ ಮಟ್ಟದಲ್ಲೂ ಹಾಗೇ, 1999ರಲ್ಲಿ ಐದೂವರೆ ಲಕ್ಷ ದಾಟಿದ್ದ ಸಂಖ್ಯೆ 2023ರಲ್ಲಿ ಮೂರೂವರೆ ಲಕ್ಷದೊಳಗೆ ಬಂತು. ಮಕ್ಕಳು ಕಮ್ಮಿಯಾದರು, ಹೋಟೆಲ್ ಪಟ್ಟಿ ಮಾತ್ರ ಮುಗಿಯಲಿಲ್ಲ. ಒಟ್ಟು ಹಾಸಿಗೆ ಎಷ್ಟು, ಒಟ್ಟು ಮಕ್ಕಳು ಎಷ್ಟು ಅನ್ನುವ ಲೆಕ್ಕವೇ ಆಗಿದ್ದರೆ ಇಷ್ಟರಲ್ಲಿ ಪಟ್ಟಿ ಖಾಲಿಯಾಗಬೇಕಿತ್ತು. ಉಳಿದಿರುವುದು ಎಲ್ಲರೂ ‘ಬೇಡ’ ಅನ್ನುವ ಕೆಲವು ನೂರು ಹದಿಹರೆಯದವರು. ಅವರಲ್ಲಿ ಕೆಲವರು ತಾವೇ ‘ಆ ಹೋಮಿಗೆ ಹೋಗಲ್ಲ, ಇಲ್ಲೇ ಇರ್ತೀನಿ’ ಅನ್ನುವವರೂ ಇದ್ದಾರೆ. ನಾಲ್ಕು ಕಡೆ ಪೆಟ್ಟು ತಿಂದವರಿಗೆ ಐದನೇ ಕಡೆ ಹೋಗು ಅಂದರೆ ಹೋಟೆಲೇ ವಾಸಿ ಅನ್ನಿಸುತ್ತದೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ಹಾಗಾಗಿ ಬಾಗಿಲಿನ ಕಡೆ ನೋಡಬೇಕು, ಅಂದರೆ ಈ ಮಕ್ಕಳು ಒಳಗೆ ಬರುವ ದಾರಿಯ ಕಡೆ. ಹೆತ್ತವರು ಮಗುವನ್ನು ಬಿಟ್ಟುಬಿಡುವುದು ಪ್ರೀತಿ ಇಲ್ಲದೆ ಅಂತ ತಿಳಿಯಬೇಡಿ. ಮಗ ರಾತ್ರಿ ಚಾಕು ಹಿಡಿಯುತ್ತಾನೆ, ತಂಗಿಗೆ ಹೊಡೆಯುತ್ತಾನೆ, ಆಸ್ಪತ್ರೆಯಲ್ಲಿ ಐದು ದಿನ ಇಟ್ಟು ಕಳಿಸುತ್ತಾರೆ, ಇನ್ಶೂರೆನ್ಸ್ ಮುಂದಿನ ಚಿಕಿತ್ಸೆಗೆ ಒಪ್ಪುವುದಿಲ್ಲ. ಆಗ ಯಾರೋ ಕಿವಿಯಲ್ಲಿ ಹೇಳುತ್ತಾರೆ: ‘ಅವನನ್ನು ಸರ್ಕಾರಕ್ಕೆ ಒಪ್ಪಿಸಿ, ಆಗ ಚಿಕಿತ್ಸೆ ಸಿಗುತ್ತೆ.’ ಇದು ಹೊಸದಲ್ಲ. ಫೆಡರಲ್ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2003ರಲ್ಲೇ ಹೇಳಿತ್ತು, 2001ರ ಒಂದೇ ವರ್ಷದಲ್ಲಿ ಕನಿಷ್ಠ 12,700 ಮಕ್ಕಳನ್ನು ಮನೆಯವರು ಮಾನಸಿಕ ಚಿಕಿತ್ಸೆ ಸಿಗಲಿ ಅಂತಲೇ ಮಕ್ಕಳ ಕಲ್ಯಾಣ ಅಥವಾ ಬಾಲಾಪರಾಧ ವ್ಯವಸ್ಥೆಗೆ ಒಪ್ಪಿಸಿದ್ದರು. ಅದೂ ಪೂರ್ತಿ ಲೆಕ್ಕ ಅಲ್ಲ, ಉತ್ತರ ಕೊಟ್ಟ ಕಡೆಗಳದ್ದು ಮಾತ್ರ.

ಜಾರ್ಜಿಯಾ ಈ ಬಾಗಿಲನ್ನು ಚಿಕ್ಕದು ಮಾಡಲು ಹೊರಟಿತು. 2023ರ ಕಾನೂನಿನ ಪ್ರಕಾರ ಕೋರ್ಟು ಇಂಥ ಮಗುವನ್ನು ಇಲಾಖೆಯ ವಶಕ್ಕೆ ಕೊಡುವ ಮೊದಲು ಇಲಾಖೆಯ ಮಾತನ್ನು ಕೇಳಬೇಕು, ಬೇರೆ ದಾರಿ ಇದೆಯಾ ನೋಡಬೇಕು. ಹೋಟೆಲಿನ ಸಂಖ್ಯೆ ಇಳಿಯಿತು, ನಿಜ. ಆದರೆ ಬರೀ ಬಾಗಿಲು ಮುಚ್ಚಿದರೆ ಆ ಮಗು ಮನೆಯಲ್ಲೇ ಉಳಿಯುತ್ತದೆ, ಚಾಕು ಕೂಡ ಮನೆಯಲ್ಲೇ ಉಳಿಯುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ನ್ಯೂಜೆರ್ಸಿಯ ದಾರಿ. ಅಲ್ಲಿ ಯಾವ ಅಪ್ಪ ಅಮ್ಮ ಬೇಕಾದರೂ ಫೋನ್ ಮಾಡಬಹುದು, ಆದಾಯ ಎಷ್ಟು, ಯಾವ ಇನ್ಶೂರೆನ್ಸ್ ಅಂತ ನೋಡುವುದಿಲ್ಲ. ಹಗಲು ರಾತ್ರಿ ಯಾವಾಗಲಾದರೂ ಸರಿ, ಒಂದು ಗಂಟೆಯೊಳಗೆ ತರಬೇತಿ ಇರುವವರು ಮನೆಗೇ ಬರುವ ಗುರಿ. ಮೊದಲ ಮೂರು ದಿನ ಗಟ್ಟಿಯಾಗಿ ಜೊತೆ ನಿಲ್ಲುತ್ತಾರೆ, ಆಮೇಲೂ ಎಂಟು ವಾರದವರೆಗೆ ಬಂದು ಹೋಗುತ್ತಾರೆ. ಇದನ್ನು 2000ದ ದಶಕದಲ್ಲಿ ಕಟ್ಟಿದರು, ಅದೂ ಒಂದು ಕೇಸಿನ ಒತ್ತಡದ ನಡುವೆ. ಆಗ ಹದಿಮೂರು ಸಾವಿರದ ಹತ್ತಿರ ಇದ್ದ ಸಾಕು ಮಕ್ಕಳ ಸಂಖ್ಯೆ ಈಗ ಮೂರು ಸಾವಿರದ ಆಸುಪಾಸಿಗೆ ಬಂದಿದೆ. ಇದೊಂದರಿಂದಲೇ ಇಳಿಯಿತು ಅಂತ ಹೇಳಲಾಗದು, ಸಂಬಂಧಿಕರ ಬಳಿ ಇಡುವುದು, ಕೇಸ್‌ವರ್ಕರ್‌ಗಳ ಸಂಖ್ಯೆ ಹೆಚ್ಚಿಸಿದ್ದು ಎಲ್ಲವೂ ಸೇರಿದೆ. ಆದರೆ ಜನರನ್ನು ಎಲ್ಲಿ ಹಾಕಿದರು ನೋಡಿ. ಎದ್ದಿದ್ದು ಕಾಯುವ ಅದೇ ಜನ, ಅದೇ ರಾತ್ರಿ ಪಾಳಿ, ಹೋಟೆಲಿನ ಬದಲು ಮಗುವಿನ ಮನೆಯ ಹಾಲ್‌ನಲ್ಲಿ.

ಎಲ್ಲ ಮಕ್ಕಳೂ ಮನೆಯಲ್ಲಿ ಉಳಿಯಲಾರರು. ಮನೆಯೇ ಅಪಾಯ ಆಗಿರುವವರಿದ್ದಾರೆ. ಅವರಿಗೆ ನಾಲ್ಕೋ ಆರೋ ಮಕ್ಕಳ ಪುಟ್ಟ ಮನೆಗಳು ಬೇಕು, ಅದೇ ಸಿಬ್ಬಂದಿ ತಿಂಗಳುಗಟ್ಟಲೆ ಇರಬೇಕು, ಎರಡು ಹಾಸಿಗೆ ಖಾಲಿ ಇದ್ದರೂ ದುಡ್ಡು ಬರುತ್ತಿರಬೇಕು. ಈ ಕೊನೆಯದು ಯಾವ ಬಜೆಟ್ ಅಧಿಕಾರಿಗೂ ಇಷ್ಟವಾಗುವುದಿಲ್ಲ. ಖಾಲಿ ಹಾಸಿಗೆಗೆ ಯಾಕೆ ಕೊಡಬೇಕು ಅಂತ ಕೇಳುತ್ತಾರೆ. ಅಗ್ನಿಶಾಮಕ ಠಾಣೆಗೆ ಬೆಂಕಿ ಬಿದ್ದ ದಿನ ಮಾತ್ರ ಸಂಬಳ ಕೊಡುವುದಿಲ್ಲವಲ್ಲ, ಇದೂ ಹಾಗೇ. ಖಾಲಿ ಹಾಸಿಗೆಗೆ ದುಡ್ಡು ಕೊಟ್ಟರೆ ಮಾತ್ರ ‘ನೀವು ಬೇಡ ಅನ್ನುವ ಹಾಗಿಲ್ಲ’ ಅಂತ ಹೇಳುವ ಬಾಯಿ ಸರ್ಕಾರಕ್ಕೆ ಬರುತ್ತದೆ.

ಟೆಕ್ಸಾಸ್ ಈಗ ಎಲ್ಲಿದೆ? 2024ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಜ್ಯಾಕ್, ಸರ್ಕಾರದ ವಶದಲ್ಲಿರುವ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಸರಿಯಾಗಿ ತನಿಖೆ ಮಾಡಿಲ್ಲ ಅಂತ ಆರೋಗ್ಯ ಇಲಾಖೆಗೆ ದಿನಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಅಕ್ಟೋಬರಿನಲ್ಲಿ ಮೇಲ್ಮನವಿ ಕೋರ್ಟು ಆ ದಂಡವನ್ನು ರದ್ದು ಮಾಡಿ, ಅವರನ್ನೇ ಆ ಕೇಸಿನಿಂದ ತೆಗೆದುಹಾಕಿತು. ಅವರ ಮಾತು ಖಾರವಾಗಿತ್ತು, ಅಧಿಕಾರಿಗಳ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದರು ಅನ್ನುವುದು ನಿಜ. ಆದರೆ ಅವರ ಕೋರ್ಟಿನಿಂದಲೇ ಹೋಟೆಲ್ ಒಳಗಿನ ಕತೆ ಹೊರಗೆ ಬಂದಿದ್ದೂ ನಿಜ. ಇತ್ತ ಸರ್ಕಾರ ಮಗುವಿನ ಅಗತ್ಯಕ್ಕೆ ತಕ್ಕ ಹೊಸ ದರಪಟ್ಟಿಯನ್ನು ಜಾರಿಗೆ ತರುತ್ತಿದೆ, ಅದರಲ್ಲಿ ಕಷ್ಟದ ಮಕ್ಕಳನ್ನು ಇಟ್ಟುಕೊಳ್ಳುವವರಿಗೆ ಹಿಂದಿಗಿಂತ ಚೆನ್ನಾಗಿ ದುಡ್ಡು ಸಿಗಬೇಕು. 2023ರ ಅಧಿವೇಶನದಲ್ಲಿ, ನ್ಯೂಜೆರ್ಸಿಯಂತೆಯೇ ಸಂಕಟದ ಹೊತ್ತಿಗೆ ಮಕ್ಕಳ ಮನೆಗೆ ಹೋಗುವ ತಂಡಗಳಿಗೂ ದುಡ್ಡು ಕೊಟ್ಟರು. ತಂಡಗಳು ಶುರುವಾಗಿವೆ, ಆದರೆ ಬೆರಳೆಣಿಕೆಯಷ್ಟು. ಟೆಕ್ಸಾಸ್‌ನಲ್ಲಿ ಇರುವುದು 254 ಕೌಂಟಿಗಳು.